ಮುಂಗೈ ಮೇಲಿಟ್ಟು ನೋಡಿದ ಬಟ್ಟೆ

ಮೊನ್ನೆ ಹೊಲಿಗೆ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಗುಂಡಿ, ಹುಕ್ಕು, ತುಕ್ಕು ಹಿಡಿದ ಸೂಜಿಗಳನ್ನು ಬೇರೆ ಬೇರೆ ಮಾಡುತ್ತ ಕೂತಿದ್ದೆ. ಈ ಕೆಲಸ ನನಗೆ ಬಹಳ ಇಷ್ಟ. ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಯಾರೂ ಅವಸರ ಮಾಡುವುದಿಲ್ಲ, ಅರ್ಧಕ್ಕೆ ಬಿಟ್ಟೆದ್ದರೂ ಸೀದು ಹೋಗುವುದಿಲ್ಲ. ಡಬ್ಬಿಯ ತಳದಲ್ಲಿ ಒಂದು ದಾರದ ರೀಲು ಸಿಕ್ಕಿತು. ಅದರ ಬಣ್ಣವನ್ನು ನಿಮಗೆ ಹೇಗೆ ಹೇಳಲಿ? ಸುಲಿದ ಬೆಳ್ಳುಳ್ಳಿಯ ಮೇಲೆ ಒಂದು ತೊಟ್ಟು ಕುಂಕುಮದ ನೀರು ಬಿದ್ದ ಹಾಗಿದೆ ಎಂದುಕೊಳ್ಳಿ. ಮ್ಯಾಚಿಂಗ್ ಸೆಂಟರಿನವರು ಇದಕ್ಕೆ ‘ಸ್ಕಿನ್ ಕಲರ್’ ಎನ್ನುತ್ತಾರೆ. ಲೈನಿಂಗು, ಲೆಗ್ಗಿನ್ಸು, ಲಂಗ, ದಾರ, ಎಲ್ಲದರಲ್ಲೂ ಈ ಬಣ್ಣ ಉಂಟು. ನಾವು ಕೇಳುತ್ತೇವೆ, ಅವರು ಕೊಡುತ್ತಾರೆ. ಯಾರ ಸ್ಕಿನ್ನು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಾನು ಒಮ್ಮೆ ವಿಚಾರಿಸಿದೆ. ಚಿತ್ರದುರ್ಗದ ಸಂತೆಪೇಟೆಯಲ್ಲಿ ನಾನು ಕುಚ್ಚಿನ ದಾರ ತರುವ ಅಂಗಡಿಯಿದೆ. ಮನೆಯಲ್ಲೇ ಕೂತು ಸೀರೆ ಸೆರಗಿಗೆ ಮಣಿ ಹಾಕಿ ಕುಚ್ಚು ಕಟ್ಟಿಕೊಡುತ್ತೇನಲ್ಲ, ಹಾಗಾಗಿ ಅಂಗಡಿಯಾತನಿಗೆ ನಾನು ಹಳೆಯ ಗಿರಾಕಿ, ಸ್ವಲ್ಪ ತಲೆನೋವಿನ ಗಿರಾಕಿಯೂ ಹೌದು. ಅವತ್ತು ಆತ ಈ ರೀಲನ್ನೂ ಅದೇ ಬಣ್ಣದ ಒಂದು ತುಂಡು ಪಾಪ್ಲಿನ್ ಬಟ್ಟೆಯನ್ನೂ ಗಾಜಿನ ಮೇಲೆ ಇಟ್ಟ.

“ಇದು ಯಾರ ಸ್ಕಿನ್ನಪ್ಪ?” ಎಂದೆ.

“ಎಲ್ರದೂ ಕಣಕ್ಕ. ಎಲ್ಲಾರೂ ಇದನ್ನೇ ಕೇಳೋದು.”

“ಎಲ್ಲಿ, ನಿನ್ನ ಕೈ ಇಡು.”

ಇಟ್ಟ. ಆತನೂ ನನ್ನ ಹಾಗೆ ಚೆನ್ನಾಗಿ ಹುರಿದ ಕಾಫಿಬೀಜದ ಬಣ್ಣದವನು. ಅವನ ಮುಂಗೈ ಮೇಲೆ ಆ ಬಟ್ಟೆ, ಈಗಷ್ಟೇ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದ ಹಾಗೆ ಕಂಡಿತು. ಒಂದು ಗಳಿಗೆ ಅದನ್ನೇ ನೋಡಿದ. “ಕಂಪನಿಯವ್ರು ಇಟ್ಟಿರೋ ಹೆಸ್ರು. ನಾನೇನು ಮಾಡ್ಲಿ? ಕಟ್ ಮಾಡ್ಲಾ, ಬ್ಯಾಡ್ವಾ?” ಎಂದ.

ಕಟ್ ಮಾಡಿಸಿಕೊಂಡು ಬಂದೆ. ಆಮೇಲಿನ ಫಜೀತಿಯೆಲ್ಲ ಆ ಒಂದು ತುಂಡಿನಿಂದಲೇ ಆದದ್ದು. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಬಣ್ಣದ ಸಮಾಚಾರ ಹೇಳಬೇಕು.

ನನ್ನ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ. ಅಪ್ಪನಿಗೆ ಒಂದಿಷ್ಟು ಎರೆಹೊಲವಿತ್ತು. ಮನೆಗೆ ಯಾರು ಬಂದರೂ ಅವರನ್ನು ಹೊಲಕ್ಕೆ ಕರೆದೊಯ್ದು, ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಪುಡಿ ಮಾಡಿ, “ನೋಡ್ರಿ, ಎಂಥಾ ಕಪ್ಪು ಐತೆ. ಇಂಥ ಕಪ್ಪು ಸುತ್ತಾಮುತ್ತ ಎಲ್ಲೂ ಇಲ್ಲ” ಎನ್ನುತ್ತಿದ್ದ. ಅದೇ ಹೊತ್ತಿಗೆ ಮನೆಯ ಹಿತ್ತಲಿನಲ್ಲಿ ಅವ್ವ ನನ್ನನ್ನು ಕಲ್ಲಿನ ಮೇಲೆ ಕೂರಿಸಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ತಿಕ್ಕುತ್ತಿದ್ದಳು. ಹೊಲದಲ್ಲಿ ಮೆಚ್ಚಿದ್ದನ್ನು ಹಿತ್ತಲಿನಲ್ಲಿ ತಿಕ್ಕಿ ತೆಗೆಯುವುದು ಏಕೆ ಎಂದು ನನಗೆ ತಿಳಿಯುತ್ತಿರಲಿಲ್ಲ. ತಿಕ್ಕಿ ತಿಕ್ಕಿ ಟವೆಲು ಹಳದಿಯಾಯಿತು, ಕಲ್ಲು ಹಳದಿಯಾಯಿತು, ಅವ್ವನ ಉಗುರು ಹಳದಿಯಾಯಿತು. ನಾನು ಮಾತ್ರ ಮೊದಲಿನ ಹಾಗೇ, ಸ್ವಲ್ಪ ಮಿಂಚುತ್ತ ಎದ್ದು ಬರುತ್ತಿದ್ದೆ. ಹಬ್ಬ ಬಂತೆಂದರೆ ದೇವರ ಮುಂದೆ ಹಾಸುವುದು ಕರಿಕಂಬಳಿ. ಕೊರಳಿಗೆ ಬೇಕಾದ್ದು ಕರಿಮಣಿ. ಕೂಸಿನ ಕೆನ್ನೆಗೆ ಇಡುವುದು ಕರಿಬೊಟ್ಟು. ಮೈಗೆ ಬಂದಾಗ ಮಾತ್ರ ಎಲ್ಲರಿಗೂ ಅರಿಶಿನದ ಡಬ್ಬಿ ನೆನಪಾಗುತ್ತಿತ್ತು.

ಮದುವೆಗೆಂದು ಹಿರಿಯೂರಿನ ಸ್ಟುಡಿಯೋದಲ್ಲಿ ನನ್ನ ಫೋಟೋ ತೆಗೆಸಿದರು. ಸ್ಟುಡಿಯೋದವನು ಬಹಳ ಮುತುವರ್ಜಿಯ ಮನುಷ್ಯ. ಅರ್ಧ ಡಬ್ಬಿ ಪೌಡರನ್ನು ನನ್ನ ಮುಖಕ್ಕೆ ಬಡಿದ, ಎರಡು ದೀಪ ಹಚ್ಚಿದ, ಆಮೇಲೆ ಕತ್ತಲ ಕೋಣೆಯಲ್ಲಿ ಇನ್ನೂ ಏನೇನು ಮಾಡಿದನೋ. ಫೋಟೋದಲ್ಲಿ ಬಂದವಳು ಯಾರೆಂದು ನನಗೇ ಗುರುತು ಹತ್ತಲಿಲ್ಲ. ಸೀರೆ ನನ್ನದು, ಬಳೆ ನನ್ನದು, ಮುಖ ಮಾತ್ರ ಬೇರೆ ಊರಿನದು. ಅದನ್ನು ನೋಡಿ ಒಪ್ಪಿ ಬಂದ ನನ್ನ ಗಂಡ, ನಾನು ಕಾಫಿ ತಂದು ಮುಂದೆ ನಿಂತರೂ ನನ್ನ ಹಿಂದಿನ ಬಾಗಿಲನ್ನೇ ನೋಡುತ್ತ, “ಫೋಟೋದಲ್ಲಿರೋರು ಒಳಗವ್ರಾ?” ಎಂದು ಅಪ್ಪನನ್ನು ಕೇಳಿದರು. ಹಾಗೆ ಕೇಳಲೇ ಇಲ್ಲ ಎಂದು ಇವತ್ತಿಗೂ ವಾದಿಸುತ್ತಾರೆ. ವಾದಿಸಲಿ ಪಾಪ. ಮದುವೆಯಂತೂ ಆಯಿತು. ಆ ಫೋಟೋವನ್ನು ನಾನು ಬಹಳ ದಿನ ಇಟ್ಟುಕೊಂಡಿದ್ದೆ. ಬೇಜಾರಾದಾಗ ತೆಗೆದು ನೋಡಿದರೆ ನಗು ಬರುತ್ತಿತ್ತು.

ಆ ನಗು ನಿಂತದ್ದು ನನ್ನ ಮಗಳು ಸುಮಾ ಬಾಣಂತನಕ್ಕೆ ಬಂದಾಗ.

ಸುಮಾಳನ್ನು ಭೀಮಸಮುದ್ರಕ್ಕೆ ಕೊಟ್ಟಿದ್ದೇವೆ. ಅಡಿಕೆ ವ್ಯಾಪಾರದ ಮನೆ, ತುಂಬಿದ ಮನೆ. ಅವಳ ಅತ್ತೆ ಪಾರ್ವತಮ್ಮ ಒಳ್ಳೆಯ ಹೆಂಗಸು. ಸೊಸೆಗೆ ಸೀರೆ ತಂದರೆ ಅದಕ್ಕೆ ಹೊಂದುವ ಬಳೆಯನ್ನೂ ತರುವಂಥವರು. ಬೆಳ್ಳಗಿದ್ದಾರೆ ಎಂಬುದು ಅವರ ಇನ್ನೊಂದು ಹೆಗ್ಗಳಿಕೆ. ಅವರ ಕಡೆಯವರು ಅವರ ಹೆಸರು ಹೇಳುವುದೇ ಕಡಿಮೆ, ‘ಬೆಳ್ಳಕ್ಕ’ ಎಂದೇ ಕರೆಯುವುದು. ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದು, ಬಟ್ಟೆ ಸರಿಸಿ ಕೂಸಿನ ಮುಖ ನೋಡಿ, “ಮೂಗು ನಮ್ಮದು. ಬಣ್ಣ ನಿಮ್ಮ ಕಡೇದು ಬೀಗ್ರೆ” ಎಂದರು. ಮಳೆ ಬರೋ ಹಾಗೈತೆ ಎನ್ನುವಷ್ಟು ಸಹಜವಾಗಿ ಹೇಳಿದರು. ನಾನು ಹೂಂಗುಟ್ಟಿದೆ. ಇಂಥದ್ದನ್ನು ಕೇಳಿಕೊಂಡೇ ಬೆಳೆದವಳು, ನನಗೇನೂ ಅನ್ನಿಸಲಿಲ್ಲ. ಆದರೆ ಮಂಚದ ಮೇಲೆ ಸುಮಾ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಕೂಸು ಪಕ್ಕದಲ್ಲಿ ಮಲಗಿತ್ತು. ಸುಮಾ ಫೋನು ಹಿಡಿದು ಬೆರಳಿನಿಂದ ಏನನ್ನೋ ತಿಕ್ಕುತ್ತಿದ್ದಳು. ಹೋಗಿ ನೋಡಿದರೆ, ಕೂಸಿನ ಫೋಟೋ. ತಿಕ್ಕಿದಲ್ಲೆಲ್ಲ ಬೆಳ್ಳಗಾಗುತ್ತಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲು ಸಿದ್ಧ ಮಾಡುತ್ತಿದ್ದಳು.

“ಇದ್ಯಾರ ಕೂಸು?” ಎಂದೆ.

“ನಂದೇ ಕಣಮ್ಮ. ಲೈಟ್ ಸರಿಯಿರ್ಲಿಲ್ಲ, ಅದಕ್ಕೆ” ಎಂದಳು, ನನ್ನ ಕಡೆ ನೋಡದೆ.

ಅವ್ವನ ಕಡಲೆಹಿಟ್ಟು, ಸ್ಟುಡಿಯೋದವನ ಪೌಡರು, ಈಗ ಇವಳ ಬೆರಳು. ಕೂಸಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಭೀಮಸಮುದ್ರದಲ್ಲಿ ನಾಮಕರಣ, ನೂರಾರು ಜನ ತೊಟ್ಟಿಲಿಗೆ ಬಗ್ಗಿ ನೋಡುತ್ತಾರೆ, ನೋಡಿದವರು ಮೊದಲು ಹೇಳುವ ಮಾತು ಬಣ್ಣದ್ದೇ ಆಗಿರುತ್ತದೆ. ಆ ಮಾತು ಬರುವ ಹೊತ್ತಿಗೆ ನನ್ನ ಮಗಳು ಗೋಡೆಯ ಕಡೆ ತಿರುಗದೆ ನೇರವಾಗಿ ಕೂತಿರಬೇಕು. ನನಗೆ ಬೇಕಾದ್ದು ಅಷ್ಟೇ.

ಇದನ್ನು ನಾನು ಹೇಳಿಕೊಂಡದ್ದು ಮಮ್ತಾಜ್ ಹತ್ತಿರ. ನಮ್ಮ ಹಿಂದಿನ ಬೀದಿಯಲ್ಲಿ ಅವಳ ಮನೆ. ಗಾದಿ, ರಜಾಯಿ, ಹಳೇ ಬಟ್ಟೆಯ ಚೂರು ಸೇರಿಸಿ ಕೌದಿ ಹೊಲಿಯುವುದು ಅವಳ ಅಜ್ಜಿಯ ಕಾಲದಿಂದ ಬಂದ ಕಸುಬು. ನಾನು ಅವಳಿಗೆ ಮಣಿ ಪೋಣಿಸುವುದನ್ನು ಹೇಳಿಕೊಟ್ಟೆ, ಅವಳು ನನಗೆ ಕೌದಿಯ ಟಾಕು ಹೊಲಿಗೆ ಹೇಳಿಕೊಟ್ಟಳು. ಕಲಿಯುವುದರಲ್ಲಿ ಅವಳೇ ಚುರುಕು. ನನ್ನ ಟಾಕುಗಳು ಇರುವೆ ಸಾಲು ಹೊರಟು ನಡುವೆ ಸಕ್ಕರೆ ಕಂಡ ಹಾಗೆ ಅತ್ತಿತ್ತ ಹೋಗುತ್ತವೆ.

“ಬಿಡ್ರಿ ರತ್ನಕ್ಕ, ಒಂದು ಕೌದಿ ಹೊಲಿಯಾಣ” ಎಂದಳು. “ತೊಟ್ಟಿಲ ಹಿಂದೆ ಗೋಡೆಗೆ ಕಟ್ಟೋದು. ಎರಡೂ ಮನೆ ಹೆಂಗಸ್ರ ಮುಖ ಹಾಕಾಣ. ಯಾರ್‍ಯಾರ್ದು ಯಾವ ಬಣ್ಣನೋ ಅದೇ ಬಟ್ಟೆ. ಅಷ್ಟು ಬಣ್ಣ ಒಂದೇ ಕಡೆ ನೋಡಿದ್ಮೇಲೆ ಕೂಸಿಂದು ಯಾವ ಲೆಕ್ಕ?”

ಕೂಸು ಮಲಗುವ ಕೌದಿಗೆ ಮಣಿ ಹಾಕುವಂತಿಲ್ಲ, ಬಾಯಿಗೆ ಹೋದೀತು. ಗೋಡೆಯದಾದರೆ ಎಷ್ಟು ಬೇಕಾದರೂ ಹಾಕಬಹುದು. ನನಗೆ ಅದೇ ಖುಷಿ.

ಕೌದಿಗೆ ಒಂದು ಕಟ್ಟಳೆಯಿದೆ. ಉಟ್ಟು ಮೆತ್ತಗಾದ ಬಟ್ಟೆಯನ್ನೇ ಹಾಕಬೇಕು. ಹಾಗಾಗಿ ನಮ್ಮ ಮನೆಯ ಟ್ರಂಕು, ಗಂಟು, ಮಂಚದಡಿಯ ಚೀಲ ಎಲ್ಲ ಹೊರಗೆ ಬಂದವು. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂತು ಒಬ್ಬೊಬ್ಬರ ಮುಂಗೈ ಮೇಲೂ ಬಟ್ಟೆ ಇಟ್ಟು ನೋಡಿದೆವು. ನನ್ನ ಕೈಗೆ ಒಗ್ಗಿದ್ದು ಒಂದು ಹಳೇ ಕಾಫಿಪುಡಿ ಬಣ್ಣದ ಸೀರೆ. ಇಟ್ಟಾಗ ಬಟ್ಟೆ ಯಾವುದು, ಕೈ ಯಾವುದು ತಿಳಿಯಲಿಲ್ಲ. “ಬಿಲ್ಕುಲ್ ನೀವೇ” ಎಂದಳು ಮಮ್ತಾಜ್. ಐವತ್ತು ದಾಟಿದ ಮೇಲೆ ನನ್ನ ಸ್ಕಿನ್ ಕಲರ್ ನನಗೆ ಸಿಕ್ಕಿತು ನೋಡಿ. ತೀರಿಹೋದ ಅವ್ವನಿಗೆ ಅವಳದೇ ಒಂದು ಕುಪ್ಪಸದ ತೋಳು. ಮಮ್ತಾಜಳಿಗೆ ರಾಗಿಹಿಟ್ಟಿನ ಬಣ್ಣದ ಒಂದು ದುಪಟ್ಟಾ. “ನಾನು ಹೊಲಿಯೋಳು, ನಂದ್ಯಾಕೆ ಮುಖ?” ಎಂದಳು. ಸುಮಾ ಒಪ್ಪಲಿಲ್ಲ. ಕೌದಿಯ ಮೂಲೆಯಲ್ಲಿ ಕೈಯಲ್ಲಿ ಸೂಜಿ ಹಿಡಿದುಕೊಂಡು ಮಮ್ತಾಜಳೂ ಬಂದಳು.

ಮೊದಲೆರಡು ದಿನ ಸುಮಾ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. ಮೂರನೆಯ ದಿನ ತಾನೇ ಬಂದು ತೋಳು ಚಾಚಿದಳು. ಹುಣಸೆಹಣ್ಣಿನ ಬಣ್ಣದ ಚೂರೊಂದು ಸರಿಹೋಯಿತು. ಆಮೇಲೆ ಕೂಸಿನ ಕೈಯನ್ನು ಹೊರಗೆ ತೆಗೆದು, ಅದರ ಮೇಲೆ ಒಂದೊಂದೇ ಚೂರು ಇಡುತ್ತ ಬಂದಳು. “ಇದಲ್ಲ. ಇದು ಸ್ವಲ್ಪ ಕೆಂಪು. ಇದೂ ಅಲ್ಲ, ಇದರಲ್ಲಿ ಹೊಳಪಿಲ್ಲ.” ಎಷ್ಟು ಹೊತ್ತು ಇಟ್ಟಳೋ. ಫೋನು ಒಳಗೆಲ್ಲೋ ಬಡಿದುಕೊಳ್ಳುತ್ತಿತ್ತು, ಎದ್ದು ಹೋಗಲಿಲ್ಲ. ಯಾವ ಚೂರೂ ಅವಳಿಗೆ ಹಿಡಿಸಲಿಲ್ಲ. ಕೌದಿಯ ನಡುವೆ ತೊಟ್ಟಿಲು ಹೊಲಿದು, ಅದರೊಳಗಿನ ಪುಟ್ಟ ಮುಖದ ಜಾಗವನ್ನು ಹಾಗೇ ಖಾಲಿ ಬಿಟ್ಟೆವು.

ಉಳಿದದ್ದು ಪಾರ್ವತಮ್ಮನವರ ಮುಖ. ಅವರ ಮುಂಗೈ ಭೀಮಸಮುದ್ರದಲ್ಲಿತ್ತು. ಕೇಳಿ ತರಿಸೋಣ ಎಂದರೆ ಏನೆಂದು ಕೇಳುವುದು? ಇಷ್ಟಕ್ಕೂ ಊರೆಲ್ಲ ಬೆಳ್ಳಕ್ಕ ಎನ್ನುವಾಗ ಅಳತೆ ಏಕೆ ಎಂದು ನಾನೇ ಸಂತೆಪೇಟೆಗೆ ಹೋಗಿ, ಆಗಲೇ ಹೇಳಿದೆನಲ್ಲ, ಆ ಸ್ಕಿನ್ ಕಲರಿನ ತುಂಡನ್ನೂ ರೀಲನ್ನೂ ತಂದದ್ದು.

ಮಮ್ತಾಜ್ ಅದನ್ನು ಮುಟ್ಟಿ ನೋಡಿ ಕೆಳಗಿಟ್ಟಳು. “ಹೊಸಾ ಬಟ್ಟೆ ಕೌದಿಗೆ ಬರಲ್ಲಕ್ಕ. ಯಾರೂ ಉಡದೆ ಇರೋ ಬಟ್ಟೆಗೆ ಯಾರೂ ಗೊತ್ತಿರಲ್ಲ.”

“ಒಂದು ಮುಖಕ್ಕೆ ಏನಾಗುತ್ತೆ, ಹಾಕು.”

“ನಿಮ್ಮ ಬೀಗ್ತಿ, ನಿಮ್ಮಿಷ್ಟ” ಎಂದು ಹೊಲಿದಳು. ನಾನು ಬೀಗಿತ್ತಿಯ ಮರ್ಯಾದೆಗೆಂದು ಅವರ ಮುಖಕ್ಕೆ ಎಲ್ಲರಿಗಿಂತ ಹೆಚ್ಚು ಮಣಿ ಹಾಕಿದೆ. ಕೆಂಪು ಮಣಿಯ ಮೂಗುಬೊಟ್ಟು, ಬಿಳಿ ಮಣಿಯ ಬೆಂಡೋಲೆ, ಕೊರಳಿಗೆ ಎರಡೆಳೆ ಕರಿಮಣಿ. ಕೊನೆಯ ಮೂಲೆ ಮುಚ್ಚುವ ಮುಂಚೆ ಮಮ್ತಾಜ್ ಒಂದು ಚಿಟಿಕೆ ಅಕ್ಕಿ ಒಳಗೆ ಹಾಕಿದಳು, ಕೌದಿ ಹಸಿದಿರಬಾರದಂತೆ. ನನಗೆ ಇರುವೆ ಬರುತ್ತದೆಂಬ ಚಿಂತೆ. ಆಮೇಲೆ ಕೌದಿಯನ್ನು ನೆನೆಸಿ ಒಗೆದು ಬಿಸಿಲಿಗೆ ಹರವಿದೆವು.

ಒಣಗಿದ ಮೇಲೆ ನೋಡುತ್ತೇವೆ, ಎಲ್ಲರ ಮುಖವೂ ನಯವಾಗಿ ಕೂತಿದೆ. ಪಾರ್ವತಮ್ಮನವರ ಮುಖವೊಂದೇ ನೀರು ಕುಡಿದು ಕುಗ್ಗಿ, ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿದೆ. ಮೊದಲೇ ಬೆಳ್ಳುಳ್ಳಿ ಬಣ್ಣ, ಈಗ ನೂರು ವರ್ಷದ ಸುಕ್ಕು. ಮಮ್ತಾಜ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಬೆನ್ನು ಕುಲುಕುತ್ತಿದ್ದುದು ಅಂಗಳಕ್ಕೂ ಕಾಣುತ್ತಿತ್ತು. ಇಸ್ತ್ರಿ ಹಾಕಿದೆ, ನೀರು ಚಿಮುಕಿಸಿ ಎಳೆದೆ. ಮಾರನೆಯ ದಿನವೇ ಹೊರಡಬೇಕಿತ್ತು, ಬಿಚ್ಚಿ ಹೊಲಿಯಲು ಸಮಯವಿರಲಿಲ್ಲ. ಕೌದಿಯನ್ನು ಮಡಿಸುವಾಗ ಆ ಮುಖ ಒಳಗೆ ಬರುವ ಹಾಗೆ ಮಡಿಸಿದೆ.

ನಾಮಕರಣದ ಹಿಂದಿನ ದಿನ ಅಳಿಯಂದಿರು ಕಾರು ತಂದರು. ಸುಮಾ, ಕೂಸು, ನಾನು, ಮಮ್ತಾಜ್ ಹೊರಟೆವು. ಗೋಡೆಗೆ ಸರಿಯಾಗಿ ಕಟ್ಟುವುದು ನನ್ನಿಂದ ಆಗದೆಂದು ಮಮ್ತಾಜಳನ್ನು ಬಲವಂತದಿಂದ ಕರೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬೈಸಿಕೊಳ್ಳಲು ಜೊತೆ ಬೇಕಿತ್ತು.

ಪಾರ್ವತಮ್ಮನವರ ಪಡಸಾಲೆಯಲ್ಲಿ ಕೌದಿ ಕಟ್ಟಿದೆವು. ಅವರು ಕೈ ಒರೆಸಿಕೊಳ್ಳುತ್ತ ಬಂದು ಒಂದೊಂದೇ ಮುಖ ನೋಡುತ್ತ ಹೋದರು. “ಇದು ನೀವು. ಗೊತ್ತಾಗ್ತೈತೆ. ಇದು ಸುಮಾ. ಓ, ಈಯಮ್ಮ ಇಲ್ಲೂ ಸೂಜಿ ಹಿಡ್ಕಂಡೈತಲ್ಲ.” ಮಮ್ತಾಜ್ ನಕ್ಕಳು. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ ಅವರ ಯಜಮಾನರು ಕನ್ನಡಕ ಮೇಲೇರಿಸಿ ಕೌದಿಯನ್ನು ನೋಡಿ, “ಎಲ್ಲಾ ಸರಿ, ಇದ್ಯಾರು? ಹೆರಿಗೆ ಮಾಡ್ಸಿದ ನರ್ಸಮ್ಮನಾ?” ಎಂದರು.

ನಾನು ಕೂಸಿನ ಟೋಪಿ ಸರಿಮಾಡತೊಡಗಿದೆ.

“ನಾನಾ?” ಎಂದರು ಪಾರ್ವತಮ್ಮ, ಮೆಲ್ಲಗೆ.

“ಹೌದು ಬೀಗ್ರೆ” ಎಂದೆ. “ಎಲ್ಲಾರೂ ಬೆಳ್ಳಕ್ಕ ಅಂತಾರಲ್ಲ, ಅದಕ್ಕೇ ಅಂಥ ಬಟ್ಟೆ ತಂದೆ.”

ಅವರು ಹತ್ತಿರ ಹೋಗಿ ಆ ಸುಕ್ಕು ಮುಖದ ಮೇಲೆ ಬೆರಳಾಡಿಸಿದರು. “ಮೂವತ್ತೈದು ವರ್ಷ ಜೊತೇಲಿರೋ ಗಂಡಗೇ ಗುರ್ತು ಸಿಗ್ಲಿಲ್ಲವಲ್ಲ” ಎಂದವರೇ ಒಳಗೆ ಹೋದರು. ಸುಮಾ ನನ್ನ ಮುಖ ನೋಡಿದಳು. ಕೌದಿ ನಾಳೆ ಈ ಗೋಡೆಯ ಮೇಲೆ ಇರುವುದಿಲ್ಲ ಎಂದು ನನಗೂ ಅನ್ನಿಸಿತು. ಮಮ್ತಾಜ್ ಆಗಲೇ ಮೊಳೆಯ ಕಡೆಗೆ ಕೈ ಚಾಚಿದ್ದಳು.

ಪಾರ್ವತಮ್ಮ ಹೊರಗೆ ಬಂದಾಗ ಕೈಯಲ್ಲಿ ಒಂದು ಹಳೆಯ ಸೀರೆಯಿತ್ತು. ಬಂದು ನಮ್ಮ ಮುಂದೆ ನೆಲದ ಮೇಲೆ ಕೂತು ತೋಳಿನ ಬಳೆ ಮೇಲೆ ಸರಿಸಿ, “ಕುಂತ್ಕಳ್ರಿ. ಮೊದ್ಲು ನಂದು ಸರಿಯಾಗಿ ನೋಡ್ರಿ” ಎಂದರು. ಮಮ್ತಾಜ್ ತನ್ನ ಚೂರುಗಳ ಗಂಟು ಬಿಚ್ಚಿದಳು. ಇಟ್ಟು ಇಟ್ಟು ನೋಡಿದರೆ, ನಮ್ಮ ಬೆಳ್ಳಕ್ಕನ ಕೈಗೆ ಒಗ್ಗಿದ್ದು ಮಮ್ತಾಜಳ ಅದೇ ರಾಗಿಹಿಟ್ಟಿನ ಬಣ್ಣದ ದುಪಟ್ಟಾ. ಇಬ್ಬರೂ ಕೈಗೆ ಕೈ ಜೋಡಿಸಿ ನೋಡಿಕೊಂಡರು. “ಅಕ್ಕ ತಂಗಿ ಇದ್ದಂಗವೆ” ಎಂದರು ಯಜಮಾನರು ಪೇಪರಿನ ಹಿಂದಿನಿಂದ. “ನೀವು ಸುಮ್ನಿರ್ರಿ, ನರ್ಸಮ್ಮ ಅಂದೋರು” ಎಂದು ಪಾರ್ವತಮ್ಮ ಅವರ ಬಾಯಿ ಮುಚ್ಚಿಸಿದರು.

ಆಮೇಲೆ ಹಳೆಯ ಸೀರೆಯನ್ನು ಮಡಿಲಲ್ಲಿ ಹರವಿದರು. ಕಡುಗಂದು ಬಣ್ಣ. ಅಡಿಕೆ ಬೇಯಿಸಿದ ಚೊಗರು ಸಿಡಿದು ಸಿಡಿದು, ಒಗೆದು ಒಗೆದು, ಸೀರೆಯ ಮೂಲ ಬಣ್ಣವೇನಿತ್ತೋ ಗೊತ್ತಾಗದಂತೆ ಆಗಿತ್ತು. ಬೆಣ್ಣೆಯಷ್ಟು ಮೆತ್ತಗೆ.

“ನಮ್ಮವ್ವಂದು. ಅವಳನ್ನ ಬಿಟ್ಬಿಟ್ಟಿದೀರಿ ನೀವು” ಎಂದರು. “ನಿಮಗೆ ಹೆಂಗೆ ಗೊತ್ತಾಗ್ಬೇಕು. ನಮ್ಮವ್ವ ಇದೇ ಬಣ್ಣ ಇದ್ಲು. ನಾನು ನಮ್ಮಪ್ಪನ್ನ ಹೋಲ್ತಿದ್ದೆ. ನನ್ನ ಮದುವೇಲಿ ಅವಳು ಅಡಿಗೆ ಮನೆಯಿಂದ ಈಚೆಗೇ ಬರ್ಲಿಲ್ಲ. ಬರಬ್ಯಾಡ ಅಂತ ಯಾರೂ ಅನ್ಲಿಲ್ಲ ಬೀಗ್ರೆ. ಬಾ ಅಂತನೂ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ.”

ಮಮ್ತಾಜ್ ಕತ್ತರಿ ತೆಗೆದುಕೊಂಡಳು. “ಎಲ್ಲಿಗೆ ಹಾಕ್ಲಿ ಅಮ್ಮ?”

“ಎಲ್ಲಾರ್ಗಿಂತ ಮುಂದೆ.”

ನಾನು ಸ್ಕಿನ್ ಕಲರಿನ ಮುಖವನ್ನು ಬಿಚ್ಚಿದೆ, ಮಮ್ತಾಜ್ ಹೊಸ ಮುಖ ಕೂರಿಸಿದಳು, ಬೆಂಡೋಲೆಯ ಮಣಿಗಳನ್ನು ಪಾರ್ವತಮ್ಮನೇ ತೆಗೆದು, “ಇವು ನಂಗೆ ಬ್ಯಾಡ, ಅವ್ವಗೆ ಹಾಕ್ರಿ. ಅವಳಿಗೆ ಓಲೆ ಅಂದ್ರೆ ಜೀವ” ಎಂದರು. ತೊಟ್ಟಿಲ ಪಕ್ಕದಲ್ಲೇ, ಎಲ್ಲರ ಮುಂದೆ, ಅವರ ಅವ್ವ ಬೆಂಡೋಲೆ ಹಾಕಿಕೊಂಡು ಬಂದು ಕೂತಳು.

ಆಗ ಅವರ ಕಣ್ಣು ತೊಟ್ಟಿಲೊಳಗಿನ ಖಾಲಿ ಜಾಗಕ್ಕೆ ಬಿತ್ತು. “ಕೂಸಿಗೆ ಮುಖನೇ ಇಲ್ಲವಲ್ಲ?”

“ಹೊಂದೋ ಬಟ್ಟೆ ಸಿಗ್ಲಿಲ್ಲ ಅತ್ತೆ” ಎಂದಳು ಸುಮಾ. ಹೇಳುತ್ತಲೇ ಆ ಚೊಗರಿನ ಸೀರೆಯ ಒಂದು ಚೂರನ್ನು ಎತ್ತಿ ಕೂಸಿನ ಕೈ ಮೇಲಿಟ್ಟಳು. ಹಾಗೇ ಇಟ್ಟುಕೊಂಡು ಕೂತುಬಿಟ್ಟಳು.

ಪಾರ್ವತಮ್ಮ ಬಗ್ಗಿ ನೋಡಿದರು. ಮುಖವೆಲ್ಲ ಅರಳಿತು. “ಅಲ್ಲೇ ಐತಲ್ಲೇ. ನಮ್ಮವ್ವನ ಬಣ್ಣ. ನಮ್ಮವ್ವನೇ ಬಂದವ್ಳೆ.”

ನಾನು ಎಷ್ಟೇ ತಾಳ್ಮೆಯವಳಾದರೂ ಇದನ್ನು ಹೇಗೆ ಬಿಡಲಿ? “ಅದ್ಹೆಂಗೆ ಬೀಗ್ರೆ? ಹುಟ್ಟಿದ ದಿನ ನಮ್ಮ ಕಡೇದು ಅಂದಿದ್ರಿ.”

“ಅವತ್ತು ಆಸ್ಪತ್ರೆ ಟ್ಯೂಬ್‌ಲೈಟಲ್ಲಿ ನೋಡಿದ್ದೆ.”

“ಬಿಸಿಲಿಗೆ ತರ್ರಿ, ನೋಡಾಣ. ನನ್ನ ಕಾಫಿಪುಡಿ ಸೀರೆ ಚೂರೂ ಐತೆ.”

“ತರ್ರಿ, ಯಾರ್ ಬ್ಯಾಡ ಅಂದ್ರು?”

ಇಬ್ಬರು ಅಜ್ಜಿಯರೂ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋದೆವು. ಕೂಸಿನ ಒಂದು ಕೈ ಮೇಲೆ ನನ್ನ ಚೂರು, ಇನ್ನೊಂದರ ಮೇಲೆ ಅವರದು. ಎರಡನ್ನೂ ಅದು ಹಿಡಿದು ಬಾಯಿಗೆ ಹಾಕಿಕೊಳ್ಳಲು ನೋಡಿತು. ಸುಮಾ ಬಾಗಿಲಿಗೆ ಒರಗಿ ನಗುತ್ತಿದ್ದಳು. ಅಷ್ಟು ದಿನದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಫೋನು ತೆಗೆದು ನಮ್ಮ ಮೂವರ ಫೋಟೋ ತೆಗೆದಳು, ತಿಕ್ಕದೆ ಹಾಗೇ ಗುಂಪಿಗೆ ಹಾಕಿದಳು.

ಕೊನೆಗೆ ಮಮ್ತಾಜ್ ಎರಡು ಚೂರನ್ನೂ ಕಿತ್ತುಕೊಂಡು, ಒಂದರ ಮೇಲೊಂದು ಇಟ್ಟು, ದುಂಡಗೆ ಕತ್ತರಿಸಿ ತೊಟ್ಟಿಲೊಳಗೆ ಹೊಲಿದಳು. ಮೇಲಿರುವುದು ಯಾವುದೆಂದು ನಾವು ಕೇಳಿದೆವು. “ಕೌದಿಯೊಳಗೆ ಕೆಳಗಿಂದು ಮೇಲಿಂದು ಅಂತ ಕೇಳಬಾರ್ದು” ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ಮಾರನೆಯ ದಿನ ಬಂದವರೆಲ್ಲ ತೊಟ್ಟಿಲಿಗೆ ಬಗ್ಗುವ ಮೊದಲು ಗೋಡೆ ನೋಡಿದರು. ಹೆಂಗಸರು ತಮ್ಮ ತಮ್ಮ ತೋಳನ್ನು ಕೌದಿಯ ಮುಖಗಳ ಪಕ್ಕ ಹಿಡಿದು, ನಾನು ಇವಳು, ನೀನು ಅವಳು ಎಂದು ಗಲಾಟೆ ಮಾಡಿದರು. ಯಾರೋ ವಯಸ್ಸಾದ ಹೆಂಗಸೊಬ್ಬರು ಕೂಸನ್ನು ನೋಡಿ ಆ ಮಾತು ಎತ್ತಿಯೇ ಬಿಟ್ಟರು, “ಬಣ್ಣ ಸ್ವಲ್ಪ…” ಎಂದು. ನಾನು ಸುಮಾಳನ್ನು ನೋಡಿದೆ. ಅವಳು ನೇರವಾಗಿ ಕೂತಿದ್ದಳು. “ಯಾರ ಬಣ್ಣ ಅಂತ ಇನ್ನೂ ತೀರ್ಮಾನ ಆಗಿಲ್ಲ ಅಜ್ಜಿ. ಇಬ್ಬರೂ ನಂದು ನಂದು ಅಂತ ಜಗಳ ಆಡ್ತಾ ಅವ್ರೆ” ಎಂದಳು.

ಈಗ ಮೊಮ್ಮಗಳು ಓಡಾಡುತ್ತಾಳೆ. ನಿನ್ನೆ ಪಾರ್ವತಮ್ಮ ಫೋನು ಮಾಡಿದ್ದರು. ಬಿಸಿಲಲ್ಲಿ ಆಡಿ ಆಡಿ ಇನ್ನೂ ಕಪ್ಪಾಗಿದ್ದಾಳಂತೆ, ಥೇಟ್ ಅವರ ಅವ್ವನಂತೆ. ದನಿಯಲ್ಲಿ ಏನು ಗೆಲುವು ಅಂತೀರಿ. ನಾನೂ ಬಿಡಲಿಲ್ಲ. ಬ್ಯಾಸಿಗೇಲಿ ಒಂದು ತಿಂಗಳು ದುರ್ಗಕ್ಕೆ ಕಳಿಸ್ರಿ, ಇಲ್ಲಿ ಕೋಟೆಗೆ ಕರಕೊಂಡು ಹೋಗಿ ಬಂಡೆಗಳ ಮೇಲೆ ಬಿಡ್ತೀನಿ, ಆಮೇಲೆ ಯಾರ ಥರ ಅಂತ ನೋಡಾಣ ಎಂದೆ. ಫೋನು ಇಟ್ಟ ಮೇಲೆ ಟ್ರಂಕು ತೆಗೆದು, ಆ ಕಾಫಿಪುಡಿ ಬಣ್ಣದ ಸೀರೆಯಲ್ಲಿ ಉಳಿದ ಚೂರನ್ನು ಹುಡುಕಿ ಮಡಿಸಿ ಮೇಲಿಟ್ಟುಕೊಂಡಿದ್ದೇನೆ. ಬರಲಿ, ಕೈ ಮೇಲಿಟ್ಟೇ ನೋಡುತ್ತೇನೆ.